ಕಾರವಾರದ ಟುಪೊಲೆವ್ ವಿಮಾನ: ದಾನ ಕೊಡುವವರು ನೋಡಿಕೊಳ್ಳಬೇಕಾದ್ದು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿರುವ ಚಾಪೆಲ್ ಯುದ್ಧನೌಕೆಯ ಜೊತೆಗೆ ಈಗ ನೌಕಾಪಡೆಯ ಹಳೆಯ ಕಡಲ ಕಾವಲು ವಿಮಾನ ಟುಪೊಲೆವ್-142ಎಂ ಕೂಡ ಪ್ರದರ್ಶನಕ್ಕಿದೆ. ನೋಡುವ ಮಟ್ಟಿಗೆ ಪೂರ್ಣ ಅಂಕ ಕೊಡಬಹುದು. ಸುಮಾರು 53 ಮೀಟರ್ ಉದ್ದ, 50 ಮೀಟರ್ ರೆಕ್ಕೆಯಗಲ, ನಾಲ್ಕು ಎಂಜಿನ್. ಒಂದೊಂದಕ್ಕೂ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪ್ರೊಪೆಲ್ಲರ್. ಈ ವಿಮಾನಗಳು 1988ರಲ್ಲಿ ನೌಕಾಪಡೆಗೆ ಬಂದಾಗ ಮೊದಲ ನೆಲೆ ನಮ್ಮ ಪಕ್ಕದ ಗೋವಾದ ದಾಬೋಲಿಂ. 1992ರಲ್ಲಿ ತಮಿಳುನಾಡಿನ ಅರಕ್ಕೋಣಕ್ಕೆ ಹೋದವು, 2017ರ ಮಾರ್ಚ್ 29ರಂದು ನಿವೃತ್ತವಾದವು. ಬಿಡಿಬಿಡಿಯಾಗಿ ಕಳಚಿ ರಸ್ತೆ ಮೇಲೆ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಇಂಥದ್ದು ಉಳಿಯಬೇಕು ಅನ್ನುವವರು ಕೈಯಿಂದ ನಾಲ್ಕು ಕಾಸು ಕೊಡುವುದು ಸರಿಯಾದ ಕೆಲಸವೇ.

ಆದರೆ ಯಾವುದಕ್ಕೆ ಅಂತ ಹೇಳಿ ಕೊಡಿ. ಬೋರ್ಡು, ದೀಪ, ಸೆಲ್ಫಿ ಕಟ್ಟೆಗೆ ಹಣ ಸುಲಭವಾಗಿ ಹುಟ್ಟುತ್ತದೆ, ತೊಳೆಯುವುದಕ್ಕೆ ಹುಟ್ಟುವುದಿಲ್ಲ. ಕಡಲ ದಂಡೆಯಲ್ಲಿ ಬಯಲಲ್ಲಿ ನಿಂತ ವಿಮಾನಕ್ಕೆ ಉಪ್ಪುಗಾಳಿಯೇ ಮೊದಲ ವೈರಿ. ಅಲ್ಯೂಮಿನಿಯಂ ತಗಡುಗಳ ಸಂದಿನಲ್ಲಿ, ರಿವೆಟ್ ತಲೆಗಳ ಸುತ್ತ ಉಪ್ಪು ಕೂತು ಬಿಳಿ ಹುಡಿ ಏಳುತ್ತದೆ. ಆ ಹುಡಿ ಲೋಹಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ತಗಡು ಉಬ್ಬಿ ರಿವೆಟ್ ಕೀಳುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗಿದ ಕಡೆ ಇದು ಇನ್ನೂ ಬೇಗ. ಮದ್ದು ಸಿಹಿನೀರು: ಮಳೆಗಾಲ ಮುಗಿದ ಮೇಲೆ ಕ್ರಮವಾಗಿ, ಕಡಿಮೆ ಒತ್ತಡದಲ್ಲಿ, ಕ್ಷಾರವಿಲ್ಲದ ಸೋಪಿನಿಂದ ತೊಳೆಯಬೇಕು. ಕಾರು ತೊಳೆಯುವ ಪ್ರೆಶರ್ ಪಂಪು ಹಿಡಿದರೆ ಉಪ್ಪುನೀರು ಸಂದಿಯೊಳಗೇ ಹೋಗುತ್ತದೆ. ಮಿಂಚಲಿ ಅಂತ ಉಜ್ಜುಕಾಗದ ಹಾಕಿದರೆ ಮೇಲಿನ ತೆಳ್ಳನೆಯ ರಕ್ಷಣಾ ಪದರವೇ ಹೋಗುತ್ತದೆ. ಹೊಟ್ಟೆಯಡಿಯ ನೀರಿಳಿಯುವ ತೂತುಗಳನ್ನು ಮೇ ತಿಂಗಳಲ್ಲೇ ಬಿಡಿಸಬೇಕು. ಧೂಳು, ಹಕ್ಕಿ ಪುಕ್ಕ ಕಟ್ಟಿದರೆ ಮಳೆನೀರು ಒಳಗೇ ನಿಲ್ಲುತ್ತದೆ. ಭಾರ ಟೈರಿನ ಮೇಲಿರಬಾರದು, ಉಕ್ಕಿನ ಆಸರೆಯ ಮೇಲಿರಬೇಕು. ದಾನಪತ್ರದಲ್ಲಿ ‘ವಾರ್ಷಿಕ ತೊಳೆತ, ಬಣ್ಣ ಮತ್ತು ತುಕ್ಕು ತಪಾಸಣೆಗೆ’ ಎಂದು ಬರೆಯಿರಿ. ಒಮ್ಮೆಲೇ ದೊಡ್ಡ ಮೊತ್ತಕ್ಕಿಂತ ವರ್ಷವರ್ಷ ಬರುವ ಸಣ್ಣ ಮೊತ್ತ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ.

ಹಣ ಹಾಕುವ ಮೊದಲು ಖಾತೆ ಯಾರ ಹೆಸರಲ್ಲಿದೆ ನೋಡಿ. ವ್ಯಕ್ತಿಯ ಹೆಸರಿನ ಯುಪಿಐಗೆ ಬೇಡ. ತೆರಿಗೆ ವಿನಾಯಿತಿ ಬೇಕಾದರೆ ಹಣ ಪಡೆಯುವ ಸಂಸ್ಥೆಗೆ ದಾನದ ತೆರಿಗೆ ವಿನಾಯಿತಿಯ ನೋಂದಣಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಜಿ) ಇರಬೇಕು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ. ವಸ್ತು ಕೊಟ್ಟರೂ ಇಲ್ಲ. ಬರೀ ರಸೀದಿ ಸಾಲದು, ಸಂಸ್ಥೆ ಕೊಡುವ ದಾನದ ಪ್ರಮಾಣಪತ್ರ (1961ರ ಕಾಯ್ದೆಯಡಿ ನಮೂನೆ 10ಬಿಇ) ಕೇಳಿ ತಗೊಳ್ಳಿ.

ಉಯಿಲಿನಲ್ಲಿ ಬರೆಯುವವರು ಹೆಚ್ಚು ಎಚ್ಚರ ಇಟ್ಟುಕೊಳ್ಳಬೇಕು. ‘ಕಾರವಾರದ ವಿಮಾನ ಮ್ಯೂಸಿಯಂಗೆ’ ಅಂತ ಬರೆದರೆ ಹಣ ಯಾರ ಕೈಗೆ ಅನ್ನುವುದೇ ತಕರಾರು. ಪಡೆಯುವ ಸಂಸ್ಥೆ ಅಥವಾ ಇಲಾಖೆಯ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ವಿಳಾಸ ಬರೆಯಿರಿ. ನಿಮ್ಮ ಕಾಲದ ನಂತರ ಅದು ಇಲ್ಲದಿದ್ದರೆ ಯಾರಿಗೆ ಅನ್ನುವುದನ್ನೂ ಸೇರಿಸಿ. ಇಂತಿಷ್ಟು ಲಕ್ಷ ಅಂದರೆ ಇಪ್ಪತ್ತು ವರ್ಷದಲ್ಲಿ ಅದರ ಬೆಲೆ ಕರಗುತ್ತದೆ, ಸಾಲ, ಬೇರೆಯವರ ಪಾಲು ಕಳೆದು ಮಿಕ್ಕ ಉಳಿಕೆ ಆಸ್ತಿಯಲ್ಲಿ ಶೇಕಡಾ ಇಷ್ಟು ಅನ್ನುವುದು ಮೇಲು. ಅವಿಭಕ್ತ ಕುಟುಂಬದ ಅಡಿಕೆ ತೋಟದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಲು ಬರುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಬ್ಯಾಂಕ್ ಠೇವಣಿಗೆ ಬೇರೆ ನಾಮಿನಿ ಇದ್ದರೆ ಬ್ಯಾಂಕು ಹಣವನ್ನು ನಾಮಿನಿಗೇ ಕೊಡುತ್ತದೆ, ಆಮೇಲೆ ಉಯಿಲು ಹಿಡಿದು ವಾರಸುದಾರರು ಅಲೆಯಬೇಕು. ಎರಡನ್ನೂ ಹೊಂದಿಸಿಡಿ.

ನೌಕಾಪಡೆಯಲ್ಲಿ ದುಡಿದವರ ಮನೆಗಳು ಈ ಊರಲ್ಲಿ ಬಹಳ. ಹಳೆಯ ಸಮವಸ್ತ್ರ, ಫೋಟೋಗಳನ್ನು ಮ್ಯೂಸಿಯಂಗೆ ಕೊಡುವುದಾದರೆ ಫೋಟೋದ ಹಿಂದೆ ಹೆಸರು, ಜಾಗ, ವರ್ಷವನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ ಬೇಡ. ಕೊಟ್ಟದ್ದು ಶಾಶ್ವತವೋ ಎರವಲೋ ಅನ್ನುವುದನ್ನು ಬರಹದಲ್ಲಿ ಪಡೆದು, ದಾಖಲೆ ಪುಸ್ತಕದ ಕ್ರಮಸಂಖ್ಯೆಯನ್ನು ಮನೆಯವರಿಗೂ ತಿಳಿಸಿಡಿ.