ಸಹಾಯಧನದ ಕಚೇರಿಯಿಂದ ಎಸ್‌ಎಂಎಸ್ ಬರಲಿ ಎನ್ನಬೇಕೋ, ಪತ್ರ ಬರಲಿ ಎನ್ನಬೇಕೋ?

ನಮ್ಮ ಮನೆಯಲ್ಲಿ ಎರಡು ಸರ್ಕಾರಿ ಕಡತಗಳಿವೆ. ಒಂದು ನನ್ನದು, ಕಾಯಿಲೆಯಿಂದ ಕೆಲಸ ಬಿಟ್ಟವರಿಗೆ ಸಿಗುವ ಮಾಸಿಕ ಸಹಾಯಧನದ್ದು. ಇನ್ನೊಂದು ಅತ್ತೆಯವರ ಪಿಂಚಣಿಯದ್ದು. ಮಾಹಿತಿ ಹೇಗೆ ಕಳಿಸಲಿ ಎಂದು ಅರ್ಜಿಯಲ್ಲಿ ಕೇಳಿದ್ದ ಕಡೆ ನಾನು ಎಸ್‌ಎಂಎಸ್‌ಗೆ ಗುರುತು ಹಾಕಿದೆ, ಅತ್ತೆ ಪತ್ರವೇ ಇರಲಿ ಎಂದರು. ಹೀಗಾಗಿ ಎರಡೂ ಪದ್ಧತಿಗಳನ್ನು ಒಂದೇ ಸೂರಿನಡಿ ಕೆಲವು ವರ್ಷ ಅಕ್ಕಪಕ್ಕದಲ್ಲಿಟ್ಟು ನೋಡಿದ್ದಾಗಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಚೇರಿ ನಮ್ಮನ್ನು ಬರಹೇಳುವುದಿದ್ದರೆ ಎಸ್‌ಎಂಎಸ್ ಸಾಕು, ಅದೇ ಮೇಲು. ಬರುತ್ತಿದ್ದ ಹಣವನ್ನು ಕಡಿಮೆ ಮಾಡುವುದೋ ನಿಲ್ಲಿಸುವುದೋ ಇದ್ದರೆ ಮಾತ್ರ ಕಾಗದದ ಮೇಲೇ ಬರೆದು ಕಳಿಸಬೇಕು.

ಬೇಗ ತಲುಪುವುದರಲ್ಲಿ ಪೈಪೋಟಿಯೇ ಇಲ್ಲ. ವೈದ್ಯಕೀಯ ಪರಿಶೀಲನೆಗೆ ಬನ್ನಿ ಎಂಬ ಸಂದೇಶ ನನಗೆ ವಾರದ ಮುಂಚೆ ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ಬರುತ್ತದೆ. ಅತ್ತೆಯವರ ಪತ್ರ ಅದೇ ಕೆಲಸಕ್ಕೆ ಹೊರಟು ದಾರಿಯಲ್ಲೇ ದಿನಗಳನ್ನು ಕಳೆದು ಬರುತ್ತದೆ, ಮತ್ತೆ ನೆನಪಿಸುವವರು ಯಾರೂ ಇಲ್ಲ. ಎಸ್‌ಎಂಎಸ್ ಜನರನ್ನು ಎಬ್ಬಿಸಿ ಹೊರಡಿಸುತ್ತದೆ ಎನ್ನುವುದಕ್ಕೆ ಪುರಾವೆಯೂ ಇದೆ. ಬ್ರಿಟನ್ನಿನ ಉದ್ಯೋಗ ಕೇಂದ್ರವೊಂದರಲ್ಲಿ ನಿರುದ್ಯೋಗಿಗಳನ್ನು ನೇಮಕಾತಿ ಮೇಳಕ್ಕೆ ಕರೆಯುವ ಸಂದೇಶವನ್ನು ಬೇರೆ ಬೇರೆ ರೀತಿ ಬರೆದು ನೋಡಿದರು. ಒಣ ಸೂಚನೆ ಪಡೆದವರಲ್ಲಿ ಶೇ. 10ರ ಆಸುಪಾಸಿನಷ್ಟು ಜನ ಹೋದರೆ, ಹೆಸರು ಹಿಡಿದು ಕರೆದು, ನಿಮಗಾಗಿ ಜಾಗ ಕಾದಿರಿಸಿದ್ದೇನೆ, ಒಳ್ಳೆಯದಾಗಲಿ ಎಂದು ಸಲಹೆಗಾರರ ಹೆಸರಿನಲ್ಲಿ ಬರೆದ ಸಂದೇಶ ಪಡೆದವರಲ್ಲಿ ಶೇ. 27ರ ಹತ್ತಿರ ಹೋದರು. ನನಗೆ ಬರುವ ಸಂದೇಶಗಳಲ್ಲಿ ಹೆಸರೂ ಇರುವುದಿಲ್ಲ, ಒಳ್ಳೆಯ ಮಾತಂತೂ ದೂರ. ಆದರೂ ತಾರೀಖು ತಪ್ಪಿಲ್ಲ.

ತೊಡಕು ಶುರುವಾಗುವುದು ಜಾಗದ ವಿಷಯದಲ್ಲಿ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತವೆ. ಕನ್ನಡದಂಥ ಲಿಪಿಯಲ್ಲಿ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಬಳಸುವ ಕಂಪ್ಯೂಟರ್ ಸಂಕೇತ ಪದ್ಧತಿ) ಬಳಸಿದರೆ ಸಿಗುವುದು 70 ಮಾತ್ರ, ಅದರಲ್ಲೂ ಕಾಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ನಿರ್ಧಾರ’ ಅಲ್ಲಿ ಏಳು ಜಾಗ ನುಂಗುತ್ತದೆ. ಉದ್ದದ ಸಂದೇಶವನ್ನು ತುಂಡು ಮಾಡಿ ಕಳಿಸಿದರೆ ಫೋನು ಜೋಡಿಸಿ ತೋರಿಸುತ್ತದೆ, ನಿಜ. ಆದರೆ ಒಂದೊಂದು ತುಂಡಿಗೂ ಕಳಿಸುವವರು ದುಡ್ಡು ಕೊಡಬೇಕು. ಹೀಗೆ ಬಿಗಿ ಮಾಡುತ್ತಾ ಹೋದಾಗ ಮೊದಲು ಉದುರುವುದು ಕಾರಣ. ಒಮ್ಮೆ ನನಗೆ ಬಂದದ್ದು ಇಷ್ಟೇ: ‘ನಿಮ್ಮ ಪಾವತಿಯಲ್ಲಿ ಬದಲಾವಣೆಯಾಗಿದೆ. ಖಾತೆ ನೋಡಿ.’ ಹೆಚ್ಚಾಯಿತೋ ಕಡಿಮೆಯಾಯಿತೋ ಅದೂ ಇಲ್ಲ. ಖಾತೆ ನೋಡಲು ಪೋರ್ಟಲ್, ಪೋರ್ಟಲ್‌ಗೆ ಒಟಿಪಿ, ಒಟಿಪಿ ಬರುವಷ್ಟರಲ್ಲಿ ಪುಟದ ಅವಧಿ ಮುಗಿದಿರುತ್ತದೆ. ಕೊನೆಗೆ ‘ದಾಖಲೆಗಳು’ ಎಂಬ ಮೂಲೆಯಲ್ಲಿ ಒಂದು ಪಿಡಿಎಫ್ ಸಿಕ್ಕಿತು. ಅದು ಸಾಕ್ಷಾತ್ ಪತ್ರವೇ! ಬರೆಯುವ ಶ್ರಮ ಅವರು ಪಟ್ಟಿದ್ದಾರೆ, ಹುಡುಕುವ ಶ್ರಮ ನನ್ನ ಪಾಲಿಗೆ ಬಿಟ್ಟಿದ್ದಾರೆ.

ಅತ್ತೆಯವರ ಪಿಂಚಣಿ ತಡೆಹಿಡಿದಾಗ ಬಂದ ಪತ್ರ ಎರಡು ಪುಟದ್ದು. ಮುಕ್ಕಾಲು ಭಾಗ ನಿಯಮದ ಉಪನಿಯಮ, ಓದಲು ಜೀವ ಹೋಗುತ್ತದೆ. ಆದರೂ ಜೀವಿತ ಪ್ರಮಾಣಪತ್ರ ಸಲ್ಲಿಕೆಯಾಗಿಲ್ಲ ಎಂಬ ಕಾರಣ ಇತ್ತು, ಯಾವ ತಾರೀಖಿನಿಂದ ತಡೆ ಎಂದಿತ್ತು, ಒಪ್ಪಿಗೆಯಿಲ್ಲದಿದ್ದರೆ ಯಾರಿಗೆ ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬೇಕು ಎನ್ನುವುದೂ ಇತ್ತು. ಪ್ರಮಾಣಪತ್ರ ಕೊಟ್ಟಿದ್ದಕ್ಕೆ ರಸೀದಿ ನಮ್ಮ ಬಳಿ ಇತ್ತು. ಪತ್ರ ಮತ್ತು ರಸೀದಿ ಎರಡನ್ನೂ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟಮೇಲೆ ಗುಮಾಸ್ತರಿಗೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ. ನನ್ನ ಹಣ ಕಡಿಮೆಯಾದಾಗ ಫೋನು ಹಿಡಿದು ಅದೇ ಕೌಂಟರಿಗೆ ಹೋದರೆ, ‘ಇದರಲ್ಲಿ ಕಡತ ಸಂಖ್ಯೆ ಎಲ್ಲಿದೆ, ಪ್ರಿಂಟ್ ತನ್ನಿ’ ಎಂದರು. ಕಳಿಸಿದವರಿಗೇ ತಮ್ಮ ಎಸ್‌ಎಂಎಸ್ ದಾಖಲೆಯಾಗಿ ಕಾಣಲಿಲ್ಲ.

ತಲುಪಿದೆ ಎನ್ನುವುದನ್ನು ತೋರಿಸುವುದರಲ್ಲಿ ಎರಡೂ ಅರ್ಧಂಬರ್ಧ. ಸಹಿ ಪಡೆದು ಕೊಡುವ ಅಂಚೆಯ ಸ್ವೀಕೃತಿ ಚೀಟಿ ಯಾರೋ ಸಹಿ ಹಾಕಿದರು ಎನ್ನುತ್ತದೆ, ಓದಿದರು ಎನ್ನುವುದಿಲ್ಲ. ಎಸ್‌ಎಂಎಸ್‌ನ ತಲುಪಿದ ವರದಿ ಫೋನಿಗೆ ಸೇರಿತು ಎನ್ನುತ್ತದೆ, ಆ ಫೋನು ಯಾರ ಕೈಯಲ್ಲಿದೆ ಎನ್ನುವುದಿಲ್ಲ. ಫೋನು ಆಫ್ ಆಗಿದ್ದರೆ ಸಂದೇಶ ಕಂಪನಿಯ ಕೇಂದ್ರದಲ್ಲಿ ಒಂದಷ್ಟು ಅವಧಿ ಕಾಯುತ್ತದೆ, ಅವಧಿ ಮುಗಿದರೆ ಅಳಿಸಿಹೋಗುತ್ತದೆ. ಆಸ್ಪತ್ರೆಯಲ್ಲಿ ಮಲಗಿದವರಿಗೆ, ರೀಚಾರ್ಜ್ ಮಾಡಿಸಲಾಗದೆ ಸಿಮ್ ಕಳೆದುಕೊಂಡವರಿಗೆ ಇದು ಸಣ್ಣ ಮಾತಲ್ಲ. ಸಹಾಯಧನ ಬೇಕಾಗಿರುವುದು ಇವರಂಥವರಿಗೇ ಅಲ್ಲವೇ? ಬಳಕೆ ನಿಂತ ನಂಬರನ್ನು ಕಂಪನಿಗಳು ಕೆಲಕಾಲದ ನಂತರ ಬೇರೊಬ್ಬರಿಗೆ ಕೊಡುತ್ತವೆ. ಆಗ ನಿಮ್ಮ ಕಚೇರಿಯ ಸಂದೇಶ ಅಪರಿಚಿತರ ಜೇಬಿನಲ್ಲಿ ಸದ್ದು ಮಾಡುತ್ತದೆ.

ಹಾಗೆಂದು ಪತ್ರವೇ ಭದ್ರ ಎನ್ನುವ ಹಾಗೂ ಇಲ್ಲ. ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಎಂದು ಹೆಸರಾದ ಯೋಜನೆಯಲ್ಲಿ, ಆದಾಯವನ್ನು ಕಂಪ್ಯೂಟರಿನಿಂದ ಸರಾಸರಿ ಮಾಡಿ, ಹೆಚ್ಚಿಗೆ ಪಡೆದಿದ್ದೀರಿ ವಾಪಸು ಕೊಡಿ ಎಂದು ಲಕ್ಷಾಂತರ ಜನರ ಮೇಲೆ ಸಾಲ ಹೊರಿಸಿದರು. ಎಷ್ಟೋ ಪತ್ರಗಳು ಹಳೆಯ ವಿಳಾಸಕ್ಕೆ ಹೋದವು. ವಸೂಲಿಯವರು ಬೆನ್ನು ಹತ್ತಿದ ಮೇಲೆಯೇ ವಿಷಯ ಗೊತ್ತಾದವರೂ ಇದ್ದರು. 2023ರಲ್ಲಿ ಅಲ್ಲಿನ ರಾಯಲ್ ಕಮಿಷನ್, ಅಂದರೆ ಉನ್ನತ ತನಿಖಾ ಆಯೋಗ, ಇಡೀ ಯೋಜನೆಯನ್ನು ಕಟುವಾಗಿ ಖಂಡಿಸಿತು. ಬಾಡಿಗೆ ಮನೆ ಬದಲಿಸುತ್ತಲೇ ಇರುವವರಿಗೆ ವಿಳಾಸಕ್ಕಿಂತ ಫೋನ್ ನಂಬರೇ ಹೆಚ್ಚು ದಿನ ಬಾಳುತ್ತದೆ. ಈ ಒಂದು ವಿಷಯದಲ್ಲಿ ನಾನು ಎಸ್‌ಎಂಎಸ್ ಕಡೆಗೇ.

ಮೋಸದ ಮಾತಿಗೆ ಬಂದರೆ ತಕ್ಕಡಿ ಪತ್ರದ ಕಡೆಗೆ ಜೋರಾಗಿ ವಾಲುತ್ತದೆ. ಕಳಿಸಿದವರ ಜಾಗದಲ್ಲಿ ಕಾಣುವ ಹೆಸರನ್ನು ನಕಲು ಮಾಡುವುದು ಅನೇಕ ಕಡೆ ಕಷ್ಟವಲ್ಲ. ಒಂದೇ ಹೆಸರಿನಿಂದ ಬಂದದ್ದನ್ನೆಲ್ಲ ಫೋನು ಒಟ್ಟಿಗೆ ಜೋಡಿಸುವುದರಿಂದ, ಕಚೇರಿಯ ನಿಜವಾದ ಸಂದೇಶಗಳ ಕೆಳಗೇ ಕಳ್ಳ ಸಂದೇಶವೂ ಬಂದು ಕೂರುತ್ತದೆ. ‘ನಿಮ್ಮ ಸಹಾಯಧನ ನಿಂತಿದೆ, ಈ ಲಿಂಕ್ ಒತ್ತಿ’ ಎಂದು ನನಗೂ ಬಂತು. ಒತ್ತಲಿಲ್ಲ. ಆದರೆ ಅದು ಸುಳ್ಳು ಎಂದು ಖಚಿತ ಮಾಡಿಕೊಳ್ಳಲು ಕಚೇರಿಗೆ ಫೋನ್ ಮಾಡಿ ಕಾಯುವ ಸಂಗೀತ ಕೇಳುತ್ತಾ ಕೂರಬೇಕಾಯಿತು. ಹೆಸರಿನಿಂದ ಬರುವ ಸಂದೇಶಕ್ಕೆ ತಿರುಗಿ ಉತ್ತರ ಬರೆಯಲೂ ಆಗುವುದಿಲ್ಲವಲ್ಲ! ಸಿಂಗಪುರದಲ್ಲಿ 2024ರ ಜುಲೈನಿಂದ ಸರ್ಕಾರಿ ಸಂಸ್ಥೆಗಳ ಎಸ್‌ಎಂಎಸ್‌ಗಳು ಒಂದೇ ಅಧಿಕೃತ ಹೆಸರಿನಲ್ಲಿ ಬರುವ ವ್ಯವಸ್ಥೆ ಮಾಡಿದ್ದಾರೆ. ಲಿಂಕ್ ಹಾಕದೇ ಇರುವುದು ಇನ್ನೂ ಸರಳ ದಾರಿ. ನೀವೇ ಜಾಲತಾಣಕ್ಕೆ ಹೋಗಿ ನೋಡಿ ಎಂದಷ್ಟೇ ಹೇಳಿದರೆ ಕಳ್ಳರ ಲಿಂಕು ತಾನಾಗಿಯೇ ಎದ್ದು ಕಾಣುತ್ತದೆ. ಸುಳ್ಳು ಪತ್ರವೂ ಬರೆಯಬಹುದು, ಆದರೆ ಸಾವಿರಾರು ಮನೆಗೆ ಅಂಚೆ ವೆಚ್ಚ ಹಾಕಿ ಮೋಸ ಮಾಡುವವರು ಕಡಿಮೆ. ಅತ್ತೆಯವರಿಗೆ ನನ್ನ ಫೋನು ತೋರಿಸಿದಾಗ ಅವರು ಕೇಳಿದ್ದು ಒಂದೇ: ‘ಸೀಲು ಎಲ್ಲಿದೆಯಮ್ಮ ಇದರಲ್ಲಿ?’

ಗುಟ್ಟಿನ ವಿಷಯ ಮನೆಗೊಂದು ಥರ. ಲಕೋಟೆಯನ್ನು ಮನೆಯ ಇನ್ಯಾರೋ ಒಡೆಯಬಹುದು, ಲಾಕ್ ಆದ ಪರದೆಯ ಮೇಲೂ ಸಂದೇಶ ಮಿನುಗಬಹುದು. ಹೊಡೆಯುವ ಗಂಡನಿಂದ ದೂರವಾಗಲು ಸಹಾಯಧನ ಕೇಳಿದವಳಿಗೆ ಎರಡೂ ಅಪಾಯವೇ. ಅವಳನ್ನೇ ಕೇಳಿ ತಿಳಿದುಕೊಳ್ಳದೆ ಯಾವುದನ್ನೂ ಕಳಿಸಬಾರದು.

ಫೋನ್ ಕರೆಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಮಾತಾಡಿದವರು ಯಾರು, ಏನಂದರು ಎನ್ನುವುದು ಮರುದಿನಕ್ಕೇ ವಾದದ ವಿಷಯವಾಗುತ್ತದೆ.

ಈಗ ಇಬ್ಬರ ಕಡತವನ್ನೂ ತಿದ್ದಿಸಿದ್ದೇವೆ. ಅರ್ಜಿಯಲ್ಲಿ ಒಂದೇ ಗುರುತಿಗೆ ಜಾಗವಿದ್ದುದರಿಂದ ಬಿಳಿ ಹಾಳೆಯಲ್ಲಿ ಬೇರೆಯಾಗಿ ಬರೆದುಕೊಟ್ಟು ಸ್ವೀಕೃತಿ ಹಾಕಿಸಿಕೊಂಡೆ. ಬರಬೇಕಾದ ದಿನ, ತರಬೇಕಾದ ದಾಖಲೆಗಳ ಸೂಚನೆ ನನಗೆ ಎಸ್‌ಎಂಎಸ್‌ನಲ್ಲೇ ಬರುತ್ತದೆ. ಮೊತ್ತ ಬದಲಾದರೆ, ತಿರಸ್ಕಾರವಾದರೆ ಅಂಚೆಯಲ್ಲಿ. ಅತ್ತೆಯವರ ಕಡತ ಪತ್ರದಲ್ಲೇ ಇದೆ. ತಾರೀಖು ನೆನಪಿಸಲು ಮಾತ್ರ ಅದಕ್ಕೆ ನನ್ನ ನಂಬರನ್ನೂ ಸೇರಿಸಿದ್ದಾರೆ.