ಮೈಕ್ರೋಆರ್‌ಎನ್‌ಎ ರಕ್ತಪರೀಕ್ಷೆ: ದುಡ್ಡು ಹೋಯಿತು, ನಿದ್ದೆಯೂ ಹೋಯಿತು

ಅಮ್ಮನಿಗೆ ಹೊಟ್ಟೆ ಉಬ್ಬರ ಅಂತ ಹೋದರೆ, ಲ್ಯಾಬ್‌ನವರು ಸಿಎ-125 (ಅಂಡಾಶಯದ ಕ್ಯಾನ್ಸರ್ ಸುಳಿವಿಗೆ ನೋಡುವ ರಕ್ತಪರೀಕ್ಷೆ) ಜೊತೆ ಮೈಕ್ರೋಆರ್‌ಎನ್‌ಎ ಪ್ಯಾಕೇಜನ್ನೂ ತಲೆಗೆ ಕಟ್ಟಿದರು. ರಕ್ತ ತೆಗೆದ ಹುಡುಗಿಯ ಕೈ ಎಷ್ಟು ಹಗುರ ಅಂದ್ರೆ ಸೂಜಿ ಚುಚ್ಚಿದ್ದೇ ಅಮ್ಮನಿಗೆ ಗೊತ್ತಾಗಲಿಲ್ಲ. ರಿಪೋರ್ಟ್‌ನಲ್ಲಿ ಮಾತ್ರ 'ಮಿರ್-200 (ಒಂದು ಬಗೆಯ ಮೈಕ್ರೋಆರ್‌ಎನ್‌ಎ) ಹೆಚ್ಚು' ಅಂತ ಒಂದು ಕೆಂಪು ಬಾಣ, ವಿವರಣೆ ಒಂದು ಸಾಲೂ ಇಲ್ಲ. ರಾತ್ರಿಯಿಡೀ ಯಾರೂ ಮಲಗಲಿಲ್ಲ.

ಮಾರನೇ ದಿನ ಡಾಕ್ಟರ್ ಬಿಡಿಸಿ ಹೇಳಿದರು: ಮೈಕ್ರೋಆರ್‌ಎನ್‌ಎ ಅಂದ್ರೆ ಸುಮಾರು 22 ಅಕ್ಷರದ ಪುಟಾಣಿ ಆರ್‌ಎನ್‌ಎಗಳು, ತಾವು ಪ್ರೋಟೀನ್ ಮಾಡುವುದಿಲ್ಲ, ಬೇರೆ ಜೀನ್‌ಗಳ ಬಾಯಿ ಮುಚ್ಚಿಸುತ್ತವೆ, ಅಂಡಾಶಯದ ಕ್ಯಾನ್ಸರ್‌ನಲ್ಲಿ ಏರುಪೇರಾಗುವುದೂ ನಿಜ, ಆದರೆ ಇದೊಂದನ್ನೇ ನೋಡಿ ಕ್ಯಾನ್ಸರ್ ಅಂತ ಹೇಳಲು ಆಗುವುದಿಲ್ಲ. ಸ್ಕ್ಯಾನ್ ಮಾಡಿಸಿದೆವು, ಏನೂ ಇರಲಿಲ್ಲ.

ಡಾಕ್ಟರ್ ಚೀಟಿ ಇಲ್ಲದೆ ಸುಮ್ನೆ ಈ ಪ್ಯಾಕೇಜ್ ತಗೊಳ್ಳಬೇಡಿ. ಎರಡು ಸ್ಟಾರ್, ಅದೂ ಆ ಹುಡುಗಿಗೆ.