ಜುಲೈನಲ್ಲಿ ಟೊಲೆಡೊಗೆ ಹೋಗುವವರು ದಯವಿಟ್ಟು ಇದನ್ನು ಓದಿ

ಮ್ಯಾಡ್ರಿಡ್‌ಗೆ ಬಂದವರು ಒಂದು ದಿನ ಟೊಲೆಡೊಗೆ ಹೋಗಿಯೇ ಹೋಗುತ್ತಾರೆ. ಅತೋಚಾ ನಿಲ್ದಾಣದಿಂದ ವೇಗದ ರೈಲಿನಲ್ಲಿ ಬರೀ ಅರ್ಧ ಗಂಟೆ. ಇಷ್ಟು ಹತ್ತಿರದ ಊರಿಗೆ ಏನು ತಯಾರಿ ಅಂತ ನಾವು ನಾಲ್ವರು ಗೆಳತಿಯರು ಒಂದು ಭಾನುವಾರ ಸುಮ್ನೆ ಹೊರಟೆವು. ಸಂಜೆ ಐದೂವರೆಗೆ ನಮ್ಮಲ್ಲೊಬ್ಬಳು ಅಲ್ಲಿನ ಓಣಿಯಲ್ಲಿ ಕುಸಿದು ಬಿದ್ದಳು.

ಬೆಳಗಿನ ರೈಲುಗಳು ತುಂಬಿದ್ದವು. ಸೀಟು ಸಿಕ್ಕಿದ ರೈಲು ಹಿಡಿದು ಇಳಿಯುವಾಗ ಮಧ್ಯಾಹ್ನ ಹನ್ನೆರಡು. ಊರು ಇರುವುದು ಗುಡ್ಡದ ಮೇಲೆ, ಮೂರು ಕಡೆ ಟಾಹೊ ನದಿ. ಅಲ್ಕಾಂತರಾ ಸೇತುವೆ ದಾಟಿ ನಡೆದೇ ಹತ್ತಿದೆವು. ಮೇಲೆ ಹೋಗಲು ಎಸ್ಕಲೇಟರ್ ಇದೆ ಅಂತ ಗೊತ್ತಾಗಿದ್ದು ಮಾರನೇ ದಿನ!

ಭಾನುವಾರ ಕ್ಯಾಥೆಡ್ರಲ್ ಒಳಗೆ ಪ್ರವಾಸಿಗರನ್ನು ಬಿಡುವುದು ಮಧ್ಯಾಹ್ನ ಎರಡರ ಮೇಲೆ. ಸರಿ, ಊಟ ಮುಗಿಸೋಣ, ಬಿಸಿಲು ಇಳಿದ ಮೇಲೆ ನೋಡೋಣ ಅಂದುಕೊಂಡೆವು. ನಾಲ್ಕಕ್ಕೆ ಹೋಟೆಲಿನಿಂದ ಹೊರಬಿದ್ದು ಮೊದಲು ಚಿತ್ರಕಾರ ಎಲ್ ಗ್ರೆಕೊನ ಮ್ಯೂಸಿಯಂಗೆ ಹೋದರೆ ಬಾಗಿಲು ಹಾಕಿತ್ತು. ಭಾನುವಾರ ಅದು ಮೂರಕ್ಕೇ ಮುಚ್ಚುತ್ತದೆ. ಪಕ್ಕದ ಟ್ರಾನ್ಸಿತೊ ಸಿನಗಾಗ್ (ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರ) ಕೂಡ ಅಷ್ಟೇ. ಸೋಮವಾರ ಎರಡಕ್ಕೂ ರಜೆ. ಇನ್ನೇನು ಮಾಡುವುದು ಅಂತ ಸಾನ್ ಮಾರ್ತಿನ್ ಸೇತುವೆಗೆ ಇಳಿದೆವು. ಇಳಿದದ್ದು ಸುಲಭ. ವಾಪಸ್ ಹತ್ತಬೇಕಿತ್ತಲ್ವಾ?

ನಾವು ಮೋಸ ಹೋಗಿದ್ದು ಗಡಿಯಾರದಿಂದ. "ನಾನು ಕಲಬುರಗಿಯವಳು, ನಾಲ್ಕರ ಬಿಸಿಲಿಗೆ ಹೆದರ್ತೀನಾ?" ಅಂದಿದ್ದಳು ನನ್ನ ಗೆಳತಿ. ಅವಳ ಲೆಕ್ಕ ನಮ್ಮ ಊರಿನದು. ಕಲಬುರಗಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಗೆ. ಟೊಲೆಡೊದಲ್ಲಿ ಬೇಸಿಗೆಯಲ್ಲಿ ಎರಡೂ ಕಾಲು ದಾಟಬೇಕು. ಸ್ಪೇನ್ 1940ರಲ್ಲಿ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ಜರ್ಮನಿಯ ಸಮಯಕ್ಕೆ ಹೊಂದಿಸಿಕೊಂಡಿತು, ಇವತ್ತಿಗೂ ಹಾಗೇ ಇದೆ. ಬೇಸಿಗೆಯಲ್ಲಿ ಇನ್ನೂ ಒಂದು ಗಂಟೆ ಸೇರುತ್ತದೆ. ಅಂದರೆ ಅಲ್ಲಿನ ನಾಲ್ಕು ಗಂಟೆ ಅಂದರೆ ನಮ್ಮ ಎರಡು ಗಂಟೆಯ ಬಿಸಿಲು. ದಿನದ ಕಡು ಸೆಕೆ ಐದರಿಂದ ಆರರ ಹೊತ್ತಿಗೆ. ಊರಿನವರು ಆಗ ಕಿಟಕಿಯ ಬಾಗಿಲು ಎಳೆದುಕೊಂಡು ಒಳಗಿರುತ್ತಾರೆ. ಓಣಿಯಲ್ಲಿ ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅದನ್ನು ನೋಡಿಯಾದರೂ ನಮಗೆ ಹೊಳೆಯಬೇಕಿತ್ತು.

ಏರು ಹತ್ತುವಾಗ ಆ ಗೆಳತಿ ಮಾತು ನಿಲ್ಲಿಸಿದಳು. ಆಮೇಲೆ "ಸ್ಟೇಷನ್ ಬಂತಾ?" ಅಂತ ಎರಡು ಸಲ ಕೇಳಿದಳು. ಕೈ ಹಿಡಿದು ನೋಡಿದೆ. ಕೆಂಡದ ಹಾಗೆ ಸುಡುತ್ತಿತ್ತು, ಬೆವರು ಒಂದು ಹನಿಯೂ ಇಲ್ಲ. ಗೋಡೆಗೆ ಒರಗಿದವಳು ಹಾಗೇ ಜಾರಿದಳು. ಒಬ್ಬಳು 112ಕ್ಕೆ ಫೋನ್ ಮಾಡಿದಳು. ನಮ್ಮ ಕೂಗು ಕೇಳಿ ಎದುರು ಮನೆಯ ಅಜ್ಜಿ ಬಾಗಿಲು ತೆಗೆದರು. ಒಳಗೆ ತಂಪಾದ ಅಂಗಳ. ಅವಳನ್ನು ನೆಲದ ಮೇಲೆ ಮಲಗಿಸಿ, ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಬೀಸಣಿಗೆಯಿಂದ ಗಾಳಿ ಹಾಕಿದರು. "ಟ್ರಾಂಕೀಲಾ, ಇಹಾ" ಅನ್ನುತ್ತಲೇ ಇದ್ದರು. ಹೆದರಬೇಡ ಮಗಳೇ ಅಂತ. ಆ ಬಾಗಿಲು ತೆರೆಯದೇ ಇದ್ದಿದ್ದರೆ ಅಂತ ನೆನೆದರೆ ಈಗಲೂ ಕೈ ನಡುಗುತ್ತದೆ.

ಆಂಬುಲೆನ್ಸ್‌ನವರು ಬಂದಾಗ ಅವಳು ಹೆಸರು ಹೇಳುವಷ್ಟು ಚೇತರಿಸಿಕೊಂಡಿದ್ದಳು. ಡ್ರಿಪ್ ಹಾಕಿ, ಎರಡು ಗಂಟೆ ನೋಡಿಕೊಂಡು, ಹೋಗಬಹುದು ಅಂದರು.

ಹಾಗಾಗಿ ಬೇಸಿಗೆಯಲ್ಲಿ ಹೋಗುವುದಾದರೆ ಮೊದಲ ರೈಲಿಗೇ ಹೋಗಿ. ಹೋಗುವ, ಬರುವ ಎರಡೂ ಟಿಕೆಟ್ ಕೆಲವು ದಿನ ಮೊದಲೇ ತೆಗೆದುಕೊಳ್ಳಿ. ಭಾನುವಾರ, ಸೋಮವಾರ ಬಿಡಿ. ಮಧ್ಯಾಹ್ನ ಒಂದರೊಳಗೆ ಸುತ್ತಾಟ ಮುಗಿಸಿ, ಸಂಜೆ ಏಳರವರೆಗೆ ಎಲ್ಲಾದರೂ ಒಳಗೇ ಇರಿ. ಜೊತೆಗಿದ್ದವರ ಮಾತು ತಪ್ಪಿದರೆ, ಬೆವರು ನಿಂತರೆ, ನೆರಳಿಗೆ ಕರೆದೊಯ್ದು ಮೈಗೆ ತಣ್ಣೀರು ಹಾಕಿ 112ಕ್ಕೆ ಫೋನ್ ಮಾಡಿ. ಸ್ವಲ್ಪ ಕೂತರೆ ಸರಿಹೋಗುತ್ತದೆ ಅಂತ ಕಾಯಬೇಡಿ.

ನಮ್ಮ ರೈಲು ತಪ್ಪಿತ್ತು, ಮುಂದಿನದರಲ್ಲಿ ಸೀಟು ಇರಲಿಲ್ಲ. ರಾತ್ರಿ ಬಸ್ ಹಿಡಿದೆವು. ಮ್ಯಾಡ್ರಿಡ್‌ನ ಪ್ಲಾಸಾ ಎಲಿಪ್ತಿಕಾ ಬಸ್ ನಿಲ್ದಾಣ ಬರುವವರೆಗೂ ಅವಳು ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದಳು. ಅಜ್ಜಿಯ ಒದ್ದೆ ಬಟ್ಟೆ ಅವಳ ಕೈಯಲ್ಲೇ ಇತ್ತು.